ಧ್ವನಿವರ್ಧಕ: ನಮಗೇಕೆ ಈ ಉಸಾಬರಿ?

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಕೇಳಿದಾಗ ಬಂಕಾಪುರದವರಾದ ನಾವು ಹುಡುಕುವ ವಿಷಯಗಳು ಬಹುಮಟ್ಟಿಗೆ ಗೊತ್ತಿದ್ದವೇ. ಅಮೋಘವರ್ಷನ ದಂಡನಾಯಕ ಬಂಕೆಯ, ಅರವತ್ತು ಕಂಬದ ನಗರೇಶ್ವರ ಗುಡಿ, ಕೋಟೆಯ ನವಿಲುಗಳು— ಈ ಮೂರರಲ್ಲಿ ಒಂದು. ಮೊದಲನೆಯ ವರ್ಷ ನಾನೂ ಬಂಕೆಯನ ಮೇಲೆಯೇ ಬರೆದಿದ್ದೆ. ಅದನ್ನು ಪೂರ್ತಿಯಾಗಿ ಓದಿದವರು ಇಬ್ಬರೇ: ನಾನು, ಮತ್ತು ಅಚ್ಚಿನ ತಪ್ಪು ತಿದ್ದಿದ ನಮ್ಮ ಗುರುಗಳು. ಆದುದರಿಂದ ಈ ಸಲ ಬಂಕೆಯನನ್ನು ಅವನ ಪಾಡಿಗೆ ಬಿಟ್ಟು, ಕಳೆದ ಒಂದು ವರ್ಷ ನನ್ನನ್ನು ಹಿಡಿದಿರುವ ಒಂದು ಹುಚ್ಚಿನ ಪರವಾಗಿ ವಾದಿಸಬೇಕೆಂದಿದ್ದೇನೆ. ಹಳೆಯ ರೇಡಿಯೋಗಳ ಸ್ಪೀಕರುಗಳನ್ನು ರಿಪೇರಿ ಮಾಡಿ, ಅವುಗಳಿಂದ ಮನೆಯಲ್ಲಿಯೇ ಧ್ವನಿವರ್ಧಕ ಕಟ್ಟುವದೇ ಆ ಹುಚ್ಚು.

ಇತಿಹಾಸ, ಕನ್ನಡ ಓದುವ ಹುಡುಗನೊಬ್ಬ ಒಂದು ಕೈಯಲ್ಲಿ ಸೋಲ್ಡರಿಂಗ್ ಐರನ್ನು, ಇನ್ನೊಂದು ಕೈಯಲ್ಲಿ ಹರಿದ ಸ್ಪೀಕರು ಹಿಡಿದು ಕುಳಿತರೆ ನೋಡಿದವರು ನಗುವದು ಸ್ವಾಭಾವಿಕ. “ನೀ ಐ.ಟಿ.ಐ.ಗೆ ಹೋಗಬೇಕಾಗಿತ್ತಲೇ” ಎಂದು ಗೆಳೆಯರು ಅಂದರು. ಗುರುಗಳೊಬ್ಬರು ಅಷ್ಟೊಂದು ಬಿಚ್ಚಿ ಹೇಳಲಿಲ್ಲ, “ಕಲಾ ವಿಭಾಗದವರಿಗೆ ಇದರಿಂದ ಏನಪ್ಪಾ ಲಾಭ?” ಎಂದು ಮೆತ್ತಗೆ ಕೇಳಿದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವೇ ತಡವಾದ ಆ ಉತ್ತರ.

ನಮ್ಮ ಮನೆಯಲ್ಲಿ ಒಂದು ಮರ್ಫಿ ರೇಡಿಯೋ ಇತ್ತು. ಅಜ್ಜನ ತಂದೆ ಅರುವತ್ತರ ದಶಕದಲ್ಲಿ ಹತ್ತಿ ಮಾರಿ ಬಂದ ಹಣದಲ್ಲಿ ಅದನ್ನು ತಂದದ್ದಂತೆ. ಧಾರವಾಡದಲ್ಲಿ ಆಕಾಶವಾಣಿ ನಿಲಯ ಪ್ರಾರಂಭವಾದದ್ದು 1950ರ ಜನವರಿಯಲ್ಲಿ. ಆಗ ನಮ್ಮ ಭಾಗವಿನ್ನೂ ಮುಂಬಯಿ ಪ್ರಾಂತದಲ್ಲಿತ್ತು. ರೇಡಿಯೋ ಇಟ್ಟುಕೊಳ್ಳುವದಕ್ಕೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ತುಂಬಬೇಕಾಗಿತ್ತು. ಓಣಿಗೆಲ್ಲ ಇದ್ದದ್ದು ಅದೊಂದೇ ಪೆಟ್ಟಿಗೆ. ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ಕೂಡ್ರಲು ಜಾಗ ಸಿಗುತ್ತಿರಲಿಲ್ಲವೆಂದು ಅಜ್ಜ ಈಗಲೂ ಹೇಳುತ್ತಾನೆ. ಅವನ ಮಾತಿನಲ್ಲಿ ಆ ರೇಡಿಯೋದ ಧ್ವನಿ “ಬೆಲ್ಲದಂಗ” ಇತ್ತು. ಆಮೇಲೆ ಟ್ರಾನ್ಸಿಸ್ಟರು ಬಂತು, ಟೇಪ್ ರೆಕಾರ್ಡರು ಬಂತು, ಟೀವಿ ಬಂತು. ಒಂದು ದಿನ ವಾಲ್ವು ಸುಟ್ಟಿತು, ಹೊಸದು ಸಿಗಲಿಲ್ಲ, ಪೆಟ್ಟಿಗೆ ಅಟ್ಟವನ್ನೇರಿತು.

ಹೋದ ವರ್ಷ ಮನೆಗೆ ಸುಣ್ಣ ಹಚ್ಚುವಾಗ ಅಟ್ಟ ಖಾಲಿ ಮಾಡಿದೆವು. ಗುಜರಿಯವನು ಬಾಗಿಲಲ್ಲಿ ನಿಂತಿದ್ದ. ಕಾಕಾ ರೇಡಿಯೋವನ್ನು ತೂಕಕ್ಕೆ ಇಡುವದರಲ್ಲಿದ್ದ. ಅಜ್ಜ ಬೇಡವೆನ್ನಲಿಲ್ಲ, ಒಳಗೆ ಎದ್ದು ಹೋದ, ಅಷ್ಟೆ. ನನಗೆ ಏನನ್ನಿಸಿತೋ, “ಸ್ಪೀಕರ್ ಅಷ್ಟ ತಕ್ಕೊಂಡು ಕೊಡ್ತೀನಿ ತಡಿ ಕಾಕಾ” ಎಂದೆ. ಸ್ಪೀಕರು ತೆಗೆದ ಮೇಲೆ ಪೆಟ್ಟಿಗೆಯನ್ನೂ ಕೊಡುವ ಮನಸ್ಸಾಗಲಿಲ್ಲ. ಗುಜರಿಯವನು ಬೈದುಕೊಂಡು ಹೋದ.

ಎಂಟು ಅಂಗುಲದ ಸ್ಪೀಕರು. ಮುಂದೆ ಕಾಗದದ ಕೋನು, ಹಿಂದೆ ಮುಷ್ಟಿಯಷ್ಟು ದಪ್ಪನೆಯ ಲೋಹಚುಂಬಕ. ಅದರ ಕೆಲಸವನ್ನು ತಿಳಿದುಕೊಳ್ಳುವದು ನಾನು ಹೆದರಿದಷ್ಟು ಕಠಿಣವಿರಲಿಲ್ಲ. ಚುಂಬಕದ ನಡುವೆ ಕೂದಲೆಳೆಯಂಥ ದುಂಡನೆಯ ಸಂದು. ಆ ಸಂದಿನಲ್ಲಿ ತೂಗಾಡುವ ತಾಮ್ರದ ತಂತಿಯ ಸುರುಳಿ. ಸುರುಳಿಗೆ ಅಂಟಿದ ಕೋನು. ವಿದ್ಯುತ್ತು ಅತ್ತಿತ್ತ ಹರಿದಂತೆ ಸುರುಳಿ ಹಿಂದೆ ಮುಂದೆ ಸರಿಯುತ್ತದೆ, ಕೋನು ಗಾಳಿಯನ್ನು ನೂಕುತ್ತದೆ. ಇಂಗ್ಲಂಡಿನ ಆಲಿವರ್ ಲಾಡ್ಜ್ 1898ರಲ್ಲಿಯೇ ಚಲಿಸುವ ಸುರುಳಿಯ ಕಲ್ಪನೆಗೆ ಪೇಟೆಂಟು ಪಡೆದಿದ್ದ. ಆದರೆ ಇಂದು ನಾವು ಕಾಣುವ ರೂಪವನ್ನು ಅದಕ್ಕೆ ಕೊಟ್ಟವರು ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್. ಅವರ ಲೇಖನ ಪ್ರಕಟವಾದದ್ದು 1925ರಲ್ಲಿ. ನೂರು ವರ್ಷಗಳಾದವು. ರೇಡಿಯೋದ ವಾಲ್ವು ಹೋಯಿತು, ಗ್ರಾಮೋಫೋನಿನ ತಟ್ಟೆ ಹೋಯಿತು, ಟೇಪು ಹೋಯಿತು. ಸುರುಳಿ, ಚುಂಬಕ, ಕೋನು ಮಾತ್ರ ಹಾಗೆಯೇ ಉಳಿದವು. ನಿಮ್ಮ ಕಿಸೆಯಲ್ಲಿರುವ ಮೊಬೈಲಿನಲ್ಲಿಯೂ ಅದೇ ಇದೆ, ಉಗುರಿನಷ್ಟು ಸಣ್ಣದಾಗಿ.

ನಮ್ಮ ಸ್ಪೀಕರಿನ ಚುಂಬಕ ಆಲ್ನಿಕೋ ಜಾತಿಯದು. ಅಲ್ಯುಮಿನಿಯಮ್, ನಿಕಲ್, ಕೋಬಾಲ್ಟ್ ಬೆರೆತ ಉಕ್ಕು. ಇದರ ಮೂಲಪುರುಷ ಜಪಾನಿನ ಮಿಶಿಮಾ, 1931ರಲ್ಲಿ. 1978ರಲ್ಲಿ ಆಫ್ರಿಕೆಯ ಝೈರ್ ದೇಶದ ಗಣಿಪ್ರದೇಶದಲ್ಲಿ ಯುದ್ಧವಾಗಿ ಕೋಬಾಲ್ಟಿನ ಬೆಲೆ ಗಗನಕ್ಕೇರಿದ್ದರಿಂದ ಸ್ಪೀಕರಿನವರು ಅದನ್ನು ಬಿಟ್ಟು ಫೆರೈಟ್ ಎಂಬ ಕಪ್ಪು ಬಿಲ್ಲೆಗಳಿಗೆ ಪೂರ್ತಿಯಾಗಿ ಹೊರಳಿದರು. ಎಲ್ಲಿಯ ಝೈರ್, ಎಲ್ಲಿಯ ಬಂಕಾಪುರ! ಇತಿಹಾಸದ ವಿದ್ಯಾರ್ಥಿಗೆ ಸ್ಪೀಕರಿನ ಹಿಂಭಾಗವೂ ಒಂದು ಶಾಸನವೇ.

ಕೋನಿನ ಒಂದು ಅಂಚನ್ನು ಇಲಿ ತಿಂದಿತ್ತು. ನಡುವೆ ಎರಡು ಬೆರಳಗಲ ಸೀಳು. ಉಳಿದದ್ದು ಗಟ್ಟಿಯಾಗಿಯೇ ಇತ್ತು. ಇದನ್ನು ವಿಶೇಷವಾಗಿ ಹೇಳಬೇಕು. ಎಂಬತ್ತು ತೊಂಬತ್ತರ ದಶಕದ ಅನೇಕ ದುಬಾರಿ ಸ್ಪೀಕರುಗಳ ಅಂಚು ಸ್ಪಂಜಿನದು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ತಾನಾಗಿಯೇ ಪುಡಿಪುಡಿಯಾಗಿ ಉದುರುತ್ತದೆ. ಬೆರಳು ತಗಲಿದರೆ ಸಾಕು, ಹಳೆಯ ಹಪ್ಪಳ. ಅದಕ್ಕಿಂತ ಹಿಂದಿನ ರೇಡಿಯೋ ಸ್ಪೀಕರಿನ ಅಂಚಾದರೋ ಕೋನಿನದೇ ಕಾಗದವನ್ನು ನೆರಿಗೆ ನೆರಿಗೆಯಾಗಿ ಒತ್ತಿ ಮಾಡಿದ್ದು. ಅರುವತ್ತು ವರ್ಷ ಅಟ್ಟದ ಸೆಕೆ, ಮಳೆಗಾಲದ ತಂಪು ಎರಡನ್ನೂ ಉಂಡು ಅದು ಉಳಿದಿತ್ತು.

ಸೀಳಿಗೆ ತೆಳ್ಳನೆಯ ಟಿಶ್ಯೂ ಕಾಗದದ ತುಣುಕನ್ನು, ನೀರು ಬೆರೆಸಿದ ಫೆವಿಕಾಲಿನಲ್ಲಿ ಅದ್ದಿ, ಹಿಂದಿನಿಂದ ಒಂದು ಪದರು, ಒಣಗಿದ ಮೇಲೆ ಮುಂದಿನಿಂದ ಒಂದು ಪದರು ಹಚ್ಚಿದೆ. ಮೊದಲ ಸಲ ಅಂಟು ದಪ್ಪವಾಯಿತು. ಕೋನು ಭಾರವಾದರೆ ಧ್ವನಿ ಮಂದವಾಗುವದೆಂದು ತಿಳಿದು ಕಿತ್ತು ಮತ್ತೆ ಹಚ್ಚಿದೆ. ಇಲಿ ತಿಂದ ಅಂಚಿಗೆ ಅವ್ವನ ಹಳೆಯ ಮಲ್ ಅರಿವೆಯ ಚೂರು. ಆಮೇಲೆ ಎರಡೂ ಹೆಬ್ಬೆರಳುಗಳಿಂದ ಕೋನನ್ನು ಎದುರುಬದುರಿಗೆ ಸಮನಾಗಿ ಒತ್ತಿ ಕಿವಿಗೊಟ್ಟೆ. ಕರಕರ ಸಪ್ಪಳ ಬಂದರೆ ಸುರುಳಿ ಚುಂಬಕಕ್ಕೆ ತಿಕ್ಕುತ್ತಿದೆಯೆಂದು ಅರ್ಥ. ತುಸು ಬಂತು. ಇಷ್ಟು ವರ್ಷ ಒಂದೇ ಬದಿಗೆ ನಿಂತು ಕೋನು ಕೆಳಗೆ ಜೋತಿರುತ್ತದೆಂದೂ, ಸ್ಪೀಕರನ್ನು ತಲೆಕೆಳಗಾಗಿ ತಿರುಗಿಸಿ ಕೂಡ್ರಿಸಿದರೆ ಅದು ತಾನೇ ಸರಿಹೋಗಬಹುದೆಂದೂ ಹುಬ್ಬಳ್ಳಿಯ ರೇಡಿಯೋ ರಿಪೇರಿಯವರೊಬ್ಬರು ಹೇಳಿದರು. ಹಾಗೆಯೇ ಆಯಿತು. ಚುಂಬಕವನ್ನು ಬಿಚ್ಚಿ ಸಂದು ಸ್ವಚ್ಛ ಮಾಡುವೆನೆಂದು ಹೊರಟಿದ್ದೆ; ಅವರೇ ಕೈ ಹಿಡಿದರು. ಆಲ್ನಿಕೋ ಚುಂಬಕವನ್ನು ಅದರ ಕಬ್ಬಿಣದ ಕವಚದಿಂದ ಬೇರೆ ಮಾಡಿದರೆ ಅದು ತನ್ನ ಶಕ್ತಿಯ ಎಷ್ಟೋ ಪಾಲನ್ನು ಆಗಲೇ ಕಳೆದುಕೊಳ್ಳುತ್ತದೆ. ಮತ್ತೆ ಜೋಡಿಸಿದರೂ ಬರುವದಿಲ್ಲ. ಸಂದಿನೊಳಗಿನ ಕಬ್ಬಿಣದ ಚೂರುಗಳನ್ನು ಅಂಟುಪಟ್ಟಿಯ ತುದಿಯಿಂದ ಮೆಲ್ಲಗೆ ಎತ್ತಬೇಕು.

ಮೀಟರು ಹಿಡಿದು ಸುರುಳಿಯ ರೋಧ ನೋಡಿದರೆ 2.8 ಓಮ್. ಮೀಟರು ತೋರಿಸುವ ಅಂಕೆ ಯಾವಾಗಲೂ ಸ್ಪೀಕರಿನ ಹೆಸರಿಗಿರುವ ಅಂಕೆಗಿಂತ ಕಡಿಮೆ. ಎಂಟು ಓಮಿನದು ಆರೋ ಆರೂವರೆಯೋ ತೋರಿಸುತ್ತದೆ. ನಮ್ಮದು ನಾಲ್ಕರ ಆಸುಪಾಸಿನದು ಎಂದು ನಿಶ್ಚಯಿಸಿ, ನಾಲ್ಕು ಓಮಿಗೆ ತಾಳುವ ಅಂಗೈಯಗಲದ ಒಂದು ಆಂಪ್ಲಿಫಾಯರನ್ನು ಹುಬ್ಬಳ್ಳಿಯಿಂದ ತಂದೆ. ಇಲ್ಲಿ ಒಂದು ಮಾತು, ನನ್ನ ಹಾಗೆ ಕೈ ಹಾಕಬೇಕೆನ್ನುವವರಿಗಾಗಿ: ವಾಲ್ವು ರೇಡಿಯೋದ ಒಳಗೆ 250 ವೋಲ್ಟು, ಅದಕ್ಕಿಂತ ಹೆಚ್ಚೂ ಇರುತ್ತದೆ. ಪ್ಲಗ್ಗು ಕಿತ್ತ ಮೇಲೆಯೂ ಕಂಡೆನ್ಸರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಕೆಲವು ಜಾತಿಯ ಸೆಟ್ಟುಗಳಲ್ಲಂತೂ ಲೋಹದ ಚೌಕಟ್ಟಿಗೇ ನೇರ ವಿದ್ಯುತ್ತು. ಸ್ಪೀಕರು ನಿರುಪದ್ರವಿ, ರೇಡಿಯೋ ಹಾಗಲ್ಲ. ತಿಳಿದವರನ್ನು ಪಕ್ಕದಲ್ಲಿ ಕೂಡ್ರಿಸಿಕೊಳ್ಳದೆ ಅದಕ್ಕೆ ಜೀವ ಕೊಡಲು ಹೋಗಬೇಡಿರಿ.

ಇನ್ನು ಪೆಟ್ಟಿಗೆಯ ಪ್ರಶ್ನೆ. ಸ್ಪೀಕರನ್ನು ಬರಿಗಾಳಿಯಲ್ಲಿ ಹಿಡಿದು ಹಾಡು ಹಚ್ಚಿ ನೋಡಿದ್ದೀರಾ? ಕೀಚಲು ಧ್ವನಿ, ತಬಲಾದಲ್ಲಿ ಡಗ್ಗೆಯೇ ಇಲ್ಲ. ಕೋನು ಮುಂದಕ್ಕೆ ನೂಕಿದಾಗ ಹಿಂದೆ ಗಾಳಿ ತೆಳ್ಳಗಾಗುತ್ತದೆ. ಮುಂದಿನ ಗಾಳಿ ಅಂಚು ಸುತ್ತಿ ಹಿಂದಕ್ಕೆ ಓಡಿ ಅದನ್ನು ತುಂಬುತ್ತದೆ. ಕೆಳಗಿನ ಸ್ವರಗಳೆಲ್ಲ ಅಲ್ಲಲ್ಲಿಯೇ ವಜಾ. ಆದ್ದರಿಂದ ಮುಂದನ್ನೂ ಹಿಂದನ್ನೂ ಬೇರ್ಪಡಿಸುವ ಒಂದು ಅಡ್ಡಗೋಡೆ ಬೇಕು. ಅದಕ್ಕಾಗಿ ನಮ್ಮ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನ ಹುಡುಗರು ಕಂಡುಕೊಂಡ ಉಪಾಯ ಗಡಿಗೆ. ಟೇಪ್ ರೆಕಾರ್ಡರಿನ ಕಾಲದಲ್ಲಿ ಚಹದ ಅಂಗಡಿಗಳಲ್ಲಿ, ಸೈಕಲ್ ಅಂಗಡಿಗಳಲ್ಲಿ ಮಣ್ಣಿನ ಗಡಿಗೆಯ ಬಾಯಿಗೆ ಸ್ಪೀಕರು ಕೂಡ್ರಿಸಿ ತೂಗು ಹಾಕಿದ್ದನ್ನು ನೋಡಿದವರು ನಮ್ಮ ಗುರುಗಳಲ್ಲಿಯೇ ಇದ್ದಾರೆ. ಅದನ್ನು ಹಳ್ಳಿಗರ ಹುಡುಗಾಟವೆಂದು ನಗುವವರು ಒಂದನ್ನು ಗಮನಿಸಬೇಕು. ಸುಟ್ಟ ಮಣ್ಣು ಪ್ಲೈವುಡ್ಡಿಗಿಂತ ಬಿರುಸು, ಸುಲಭವಾಗಿ ನಡುಗುವದಿಲ್ಲ. ದುಂಡಗಿರುವದರಿಂದ ಎದುರುಬದುರು ಗೋಡೆಗಳಿಲ್ಲ. ದುಡ್ಡಿದ್ದವರು ಇಂದಿಗೂ ಗೋಲಾಕಾರದ ಪೆಟ್ಟಿಗೆಗಳಿಗಾಗಿ ಲಕ್ಷಗಟ್ಟಲೆ ಸುರಿಯುತ್ತಾರೆ.

ಕುಂಬಾರ ಅಜ್ಜನ ಹತ್ತಿರ ಹೋಗಿ ಬಾಯಿ ಅಗಲವಾದ ಗಡಿಗೆ ಬೇಕೆಂದೆ. “ನೀರಿಗೋ, ಕಾಳಿಗೋ?” ಎಂದ. ಹಾಡಿಗೆ ಎಂದೆ. ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ! “ಮೊದಲ ಭಾಳ ಒಯ್ತಿದ್ರು” ಎಂದು, ಬಾರಿಸಿ ನೋಡಿ ಒಂದನ್ನು ಆರಿಸಿಕೊಟ್ಟ. ಲೀಟರಿನ ಬಾಟಲಿಯಿಂದ ನೀರು ತುಂಬಿ ಅಳೆದರೆ 15 ಲೀಟರು. ಒಣಗಿಸಿ, ಒಳಗೆ ಹಿಂಜಿದ ಅರಳೆ ತುಂಬಿ, ಸ್ಪೀಕರು ಕೂಡ್ರಿಸಿ, ಸಂದಿಗೆ ಮೇಣ ಮೆತ್ತಿ, ಅಜ್ಜನ ಮುಂದೆಯೇ ಹಾಡು ಹಚ್ಚಿದೆ.

ಕೆಟ್ಟದಾಗಿತ್ತು. ಗಾಯಕರು ಬಾವಿಯೊಳಗೆ ಇಳಿದು ಹಾಡಿದ ಹಾಗೆ. ಒಂದು ಸ್ವರ ಬಂದಾಗಲೆಲ್ಲ ಗಡಿಗೆ ‘ಗುಂಯ್’ ಎನ್ನುವದು, ಅದರ ಕೆಳಗೆ ಮೌನ.

ಇಲ್ಲಿಯೇ ನನಗೆ ಈ ಕೆಲಸದ ರುಚಿ ಹತ್ತಿದ್ದು. ಯಾಕೆ ಹೀಗೆ? ಮೊಬೈಲಿನಲ್ಲಿ ಒಂದೊಂದೇ ಕಂಪನಸಂಖ್ಯೆಯ ಸ್ವರ ಹೊರಡಿಸುವ ಆ್ಯಪುಗಳಿವೆ. ಮೆಲ್ಲಗೆ ಮೇಲಿಂದ ಕೆಳಗೆ ಇಳಿಸುತ್ತ, ಕೋನು ಎಲ್ಲಿ ಅತಿ ಹೆಚ್ಚು ಅಲುಗಾಡುವದೆಂದು ನೋಡಿದೆ. (ಈ ಪ್ರಯೋಗಕ್ಕೆ ಕೋಟೆಯ ಕಡೆಯಿಂದ ನವಿಲುಗಳು ಉತ್ತರ ಕೊಟ್ಟವು. ಅವು ಒಪ್ಪಿದವೋ ಬೈದವೋ ತಿಳಿಯದು.) ಬರಿಗಾಳಿಯಲ್ಲಿ ಸ್ಪೀಕರು ತಾನಾಗಿ ಹೆಚ್ಚು ಅಲುಗುವದು 60 ಹರ್ಟ್ಸಿನ ಹತ್ತಿರ, ಗಡಿಗೆಯಲ್ಲಿ ಅದು 120ಕ್ಕೆ ಏರಿತ್ತು. ಗಡಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಬಿಗಿ ಹಿಡಿದಿತ್ತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವನ ಹಿಂದೆ ರಿಚರ್ಡ್ ಸ್ಮಾಲ್ ಎಪ್ಪತ್ತರ ದಶಕದ ಆರಂಭದಲ್ಲಿ, ಸ್ಪೀಕರಿಗೂ ಪೆಟ್ಟಿಗೆಗೂ ಇರುವ ಸಂಬಂಧವನ್ನು ಲೆಕ್ಕಕ್ಕೆ ತಂದು ಕೊಟ್ಟಿದ್ದಾರೆ. ಆ ಲೆಕ್ಕದ ಮೊದಲ ಪಾಠ ಎಸ್.ಎಸ್.ಎಲ್.ಸಿ. ಗಣಿತಕ್ಕಿಂತ ಹೆಚ್ಚಿನದಲ್ಲ. ಅನುನಾದ ಇಮ್ಮಡಿಯಾಗಬೇಕಾದರೆ ಕೋನಿನ ಸ್ವಂತ ಮೃದುತ್ವವು ಗಡಿಗೆಯ ಮೂರು ಪಟ್ಟು ಗಾಳಿಗೆ ಸಮನಾಗಿರಬೇಕು. ಅಂದರೆ 45 ಲೀಟರು. ಅಂಥ ಸ್ಪೀಕರನ್ನು ನಾನು 15 ಲೀಟರಿನಲ್ಲಿ ತುರುಕಿದ್ದೆ. ಟೇಪ್ ರೆಕಾರ್ಡರಿನ ಹುಡುಗರು ಗಡಿಗೆಗೆ ಹಾಕುತ್ತಿದ್ದದ್ದು ನಾಲ್ಕು ಅಂಗುಲದ ಸಣ್ಣ ಸ್ಪೀಕರು. ಅದಕ್ಕೆ ಗಡಿಗೆಯೇ ಅರಮನೆ. ತಪ್ಪು ಗಡಿಗೆಯದಲ್ಲ, ನನ್ನದು.

ಹಾಗಾದರೆ ದೊಡ್ಡದಾದ ಹಲಗೆ? ಎರಡು ಅಡಿ ಅಗಲದ ಹಲಗೆ ಸುಮಾರು 280 ಹರ್ಟ್ಸಿನ ಕೆಳಗೆ ಸೋಲತೊಡಗುತ್ತದೆ. ನಮಗೆ ಬೇಕಾದದ್ದು ಎಷ್ಟು? ಗಂಡುಧ್ವನಿಗೆ ಬಹಳವಾಗಿ ಹಿಡಿಯುವ, ಪೇಟಿಯ ‘ಕಾಳೀ ಒಂದು’ ಎಂಬ ಷಡ್ಜ ಸುಮಾರು 138 ಹರ್ಟ್ಸು. ತಂಬೂರಿಯ ಖರಜದ ತಂತಿ ಅದರ ಅರ್ಧ, 69. ಆ ಸ್ವರದ ಒಂದು ತರಂಗವೇ ಹದಿನಾರು ಅಡಿ ಉದ್ದ. ಅದಕ್ಕೆ ತಕ್ಕ ಹಲಗೆ ನಮ್ಮ ಪಡಸಾಲೆಯಲ್ಲಿ ಹಿಡಿಸುವದಿಲ್ಲ.

ಕಡೆಗೆ ದಾರಿ ತೋರಿಸಿದವನು ಬಡಿಗೇರ ಕಾಕಾ. ಪಡಸಾಲೆಗೂ ಅಡಿಗೆಮನೆಗೂ ನಡುವೆ, ಎರಡಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಒಂದು ಕಿಡಕಿ ಇದೆ. “ಅದರ ಬಾಗಿಲಾ ತಗದು ಹಲಗಿ ಬಡದು ಅದಕ್ಕ ಕೂಡಸೋ, ಗ್ವಾಡೀನ ನಿನ್ನ ಪೆಟಗಿ” ಎಂದ. ಹಳೆಯ ತೇಗದ ಬಾಗಿಲಿನ ಹಲಗೆ, ನಡುವೆ ಏಳೂವರೆ ಅಂಗುಲದ ರಂಧ್ರ, ಎಂಟು ಸ್ಕ್ರೂ. ಅಡಿಗೆಮನೆಯಷ್ಟು ಗಾಳಿಯೇ ಹಿಂದಿರುವಾಗ ಕೋನನ್ನು ಬಿಗಿ ಹಿಡಿಯುವರು ಯಾರು? ಅನುನಾದ ಮತ್ತೆ 60ಕ್ಕೆ ಬಂದು ನಿಂತಿತು. ಒಂದೇ ತೊಡಕು: ಹಿಂದಿನ ಅರ್ಧ ಧ್ವನಿ ಒಲೆಯ ಮೇಲೆ ಬೀಳುತ್ತದೆ. “ಹಾಡು ನಿಂದು, ಕಿವಿ ನಂದು” ಎಂದು ಅವ್ವ ಮೊದಲ ದಿನ ಗೊಣಗಿದಳು. ಈಗ ರೊಟ್ಟಿ ಬಡಿಯುವಾಗ ತಾನೇ ಹಚ್ಚು ಅನ್ನುತ್ತಾಳೆ.

ಮೊದಲು ಕೇಳಿಸಿದ್ದು ಗಂಗೂಬಾಯಿ ಹಾನಗಲ್ಲರ ಒಂದು ರಾತ್ರಿಯ ರಾಗ. ಇಲ್ಲಿಂದ ಹಾನಗಲ್ಲು ಎಷ್ಟು ದೂರ! ಅವರ ಮನೆತನದ ಹೆಸರು ಆ ಊರಿನದೇ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಧ್ವನಿ ಗಂಡುಧ್ವನಿಯಂತೆ ದಪ್ಪವಾಯಿತೆಂದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು, ಪರೀಕ್ಷೆಯ ಉತ್ತರದಂತೆ. ಮೊಬೈಲಿನಲ್ಲಿ ಅವರನ್ನು ಹತ್ತಾರು ಸಲ ಕೇಳಿದ್ದೆ. ಆದರೆ ಮೊಬೈಲಿನ ಸ್ಪೀಕರು ಮೂರು ನಾಲ್ಕುನೂರು ಹರ್ಟ್ಸಿನ ಕೆಳಗೆ ಬಹುಮಟ್ಟಿಗೆ ಮೂಕ. ಕೆಳಗಿನ ಸ್ವರ ಇಲ್ಲದಿದ್ದರೂ ಮೇಲಿನ ಅಂಶಸ್ವರಗಳಿಂದ ಅದನ್ನು ಊಹಿಸಿಕೊಳ್ಳುವ ಶಕ್ತಿ ನಮ್ಮ ಕಿವಿಗೆ ಇರುವದರಿಂದ ನಾವು ಮೋಸ ಹೋಗುತ್ತೇವೆ. ರಾಗ ತಿಳಿಯುತ್ತದೆ, ಎದೆ ತಿಳಿಯುವದಿಲ್ಲ. ಆ ಸಂಜೆ ಅವರು ಮಂದ್ರಕ್ಕಿಳಿದಾಗ ಕಿಡಕಿಯ ಚೌಕಟ್ಟಿನ ಮೇಲೆ ಇಟ್ಟಿದ್ದ ನನ್ನ ಕೈಗೆ ಧ್ವನಿ ತಾಗಿತು. ಹಿಂದೆ ತಂಬೂರಿ ಇತ್ತು. ಅದೇ ಧ್ವನಿಮುದ್ರಣದಲ್ಲಿ ತಂಬೂರಿ ಇದೆಯೆಂದೇ ನನಗೆ ತಿಳಿದಿರಲಿಲ್ಲ.

ಅಜ್ಜ ಎದುರಿಗೆ ಕುಳಿತಿದ್ದ. “ಹೆಂಗದ ಅಜ್ಜಾ?” ಎಂದೆ. ಅವನು ತಲೆಯಲ್ಲಾಡಿಸಿದ.

“ಇದು ಅದಲ್ಲೋ ತಮ್ಮಾ. ಭಾಳ ಚುಚ್ಚತೈತಿ.”

ಮೂರು ತಿಂಗಳ ಶ್ರಮ! ಆ ರಾತ್ರಿ ನನಗೆ ಊಟ ರುಚಿಸಲಿಲ್ಲ. ಅದೇ ಸ್ಪೀಕರು, ಅದೇ ಚುಂಬಕ, ಅದೇ ಮನೆ. ಬೆಲ್ಲ ಎಲ್ಲಿ ಹೋಯಿತು? ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು. ಅಜ್ಜ ಕೇಳಿದ್ದು ಮೀಡಿಯಂ ವೇವ್ ರೇಡಿಯೋ. ಅದರಲ್ಲಿ ಒಂದೊಂದು ನಿಲಯಕ್ಕೆ ಸಿಗುವ ಜಾಗವೇ ಇಕ್ಕಟ್ಟು. ಕೇಳುವವನಿಗೆ ಮುಟ್ಟುವದು ಸುಮಾರು ನಾಲ್ಕೂವರೆ ಐದು ಸಾವಿರ ಹರ್ಟ್ಸಿನವರೆಗಿನ ಧ್ವನಿ, ಅದರ ಮೇಲಿನದೆಲ್ಲ ಕತ್ತರಿ. ನಾನು ಇಂದಿನ ಧ್ವನಿಮುದ್ರಣವನ್ನು ಇಡಿಯಾಗಿ ಹರಿಯಬಿಟ್ಟಿದ್ದೆ. ಹಾಗಾದರೆ ಆ ಕಾಲದ ಕತ್ತರಿಯನ್ನೂ ಹಾಕಿದರೆ? ಮೊಬೈಲಿನಲ್ಲಿಯೇ ಐದು ಸಾವಿರದ ಮೇಲಿನದನ್ನು ಇಳಿಸಿ, ಏನೂ ಹೇಳದೆ ಮರುದಿನ ಹಚ್ಚಿದೆ. ಅಜ್ಜ ಎಲೆಯಡಿಕೆ ಕುಟ್ಟುತ್ತಿದ್ದ. ಕುಟ್ಟುವದು ನಿಂತಿತು.

“ಹಾಂ, ಈಗ ಬಂತ ನೋಡು” ಎಂದ.

ಅಂದರೆ ಅಜ್ಜನ ಬೆಲ್ಲದಲ್ಲಿ ಸ್ಪೀಕರಿನ ಪಾಲು ಸ್ವಲ್ಪ, ಪೆಟ್ಟಿಗೆಯ ಪಾಲು ಸ್ವಲ್ಪ, ಆಕಾಶವಾಣಿಯ ಕೊರತೆಯ ಪಾಲು ಬಹಳ. ಉಳಿದದ್ದು ಕಟ್ಟೆಯ ಮೇಲೆ ಕೂಡಿದ ಜನರದು; ಅದನ್ನು ನಾನು ಯಾವ ಗುಂಡಿಯಿಂದಲೂ ತರಲಾರೆ.

ಈ ಅನುಭವದ ಬಲದಿಂದಲೇ ನಾನು ಎರಡು ಬಣಗಳೊಡನೆಯೂ ಜಗಳಕ್ಕೆ ನಿಲ್ಲುತ್ತೇನೆ. ಒಂದು ಬಣ ನಮ್ಮ ಕಾಕಾನದು: ಹಳೆಯದೆಲ್ಲ ಗುಜರಿ. ಇನ್ನೊಂದು ಬಣ ಹಳೆಯದೆಲ್ಲ ಬಂಗಾರವೆನ್ನುವವರದು. ಜಪಾನು, ಕೊರಿಯಾಗಳಲ್ಲಿ ಮೂವತ್ತರ ದಶಕದ ವೆಸ್ಟರ್ನ್ ಇಲೆಕ್ಟ್ರಿಕ್ ಸಿನೇಮಾ ಸ್ಪೀಕರುಗಳನ್ನು ಮನೆಯ ಬೆಲೆ ಕೊಟ್ಟು ಕೊಳ್ಳುವ ಶ್ರೀಮಂತರಿದ್ದಾರೆ. ಆ ಗಾಳಿ ನಮ್ಮಲ್ಲಿಯೂ ಬೀಸತೊಡಗಿ, ಹಳೆಯ ರೇಡಿಯೋ ಸ್ಪೀಕರುಗಳಿಗೆ ಇಂಟರ್ನೆಟ್ಟಿನಲ್ಲಿ ಮನಬಂದ ಬೆಲೆ ಹೇಳುವವರು ಹುಟ್ಟಿದ್ದಾರೆ. ಹಳೆಯ ಸ್ಪೀಕರಿನಲ್ಲಿ ಮಾಟವಿಲ್ಲ. ಅದರಲ್ಲಿರುವ ನಿಜವಾದ ಗುಣ ಒಂದು: ವಾಲ್ವು ಸೆಟ್ಟಿನ ಮೂರು ನಾಲ್ಕು ವ್ಯಾಟಿನಲ್ಲಿಯೇ ಕೆಲಸ ತೀರಿಸಬೇಕಾಗಿದ್ದರಿಂದ ಕೋನನ್ನು ಹಗುರವಾಗಿ ಮಾಡುತ್ತಿದ್ದರು; ಅಲ್ಪ ಶಕ್ತಿಗೇ ಅದು ಬಾಯಿ ತೆರೆಯುತ್ತದೆ. ಇಂದಿನ ಸಣ್ಣ ಪೆಟ್ಟಿಗೆಗಳ ಭಾರವಾದ ಕೋನಿಗೂ ಅದಕ್ಕೂ ಹತ್ತು ಡೆಸಿಬೆಲ್ಲಿನ ಅಂತರ ಇದ್ದರೆ ಶಕ್ತಿಯ ಲೆಕ್ಕದಲ್ಲಿ ಅದು ಹತ್ತು ಪಟ್ಟು. ಅದರ ದೋಷಗಳೂ ಕಡಿಮೆಯಲ್ಲ. ಎಂಟು ಸಾವಿರದ ಮೇಲೆ ನಮ್ಮದು ಬಹುಮಟ್ಟಿಗೆ ಮೌನಿ. ಧ್ವನಿ ಏರಿಸಿದರೆ ಒಡೆಯುತ್ತದೆ. ದುಡ್ಡು ಕೊಟ್ಟು ಕೊಳ್ಳಲು ಹೊರಟವನಿಗೆ ನಾನು ಹೊಸದನ್ನೇ ಕೊಳ್ಳು ಎನ್ನುವೆ. ಅಟ್ಟದ ಮೇಲೆ ಇದ್ದವನಿಗೆ ಮಾತ್ರ ಕೆಳಗಿಳಿಸು ಎನ್ನುವೆ.

ಜಾತ್ರೆ, ಮೆರವಣಿಗೆಗಳ ಡಿಜೆಯ ಮಾತೂ ಇಲ್ಲಿ ಬರುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿಯೂ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮವೂ 2000ದ ಇಸವಿಯಿಂದ ಇವೆ. ನಿಯಮ ಯಾರಿಗೂ ಗೊತ್ತಿಲ್ಲವೆಂದಲ್ಲ. ಎದೆ ನಡುಗಿಸುವ ಸಪ್ಪಳವನ್ನೇ ಸಂಗೀತವೆಂದು ನಂಬಿದ ನನ್ನ ಗೆಳೆಯರಿಗೆ ನಾನು ಬೈಯಲಾರೆ. ಹೋದ ವರ್ಷದವರೆಗೆ ನಾನೂ ಅವರಲ್ಲೊಬ್ಬ. ಕಿಸೆಯಲ್ಲಿ ಉಗುರಿನಷ್ಟು ಸ್ಪೀಕರು, ಬೀದಿಯಲ್ಲಿ ಲಾರಿಯಷ್ಟು ಸ್ಪೀಕರು. ನಡುವೆ ಒಂದು ಕೋಣೆಗೆ ಹಿಡಿಸುವಷ್ಟು, ನಾಲ್ಕು ಜನ ಕೂಡಿ ಕೂತು ಕೇಳುವಷ್ಟು ಧ್ವನಿ ನಮ್ಮ ಮನೆಗಳಿಂದ ಹೊರಟುಹೋಗಿದೆ. ಕೇಳಿಯೇ ಇಲ್ಲದ್ದನ್ನು ಹುಡುಗರು ಬಯಸುವದಾದರೂ ಹೇಗೆ?

ಗುರುಗಳು ಕೇಳಿದ ಲಾಭದ ಪ್ರಶ್ನೆಗೆ ಈಗ ಬರುತ್ತೇನೆ. ಕಿರಾಣಾ ಘರಾಣೆ, ಧಾರವಾಡದ ಗಾಯಕರು ಎಂದು ನಾವು ನಿಬಂಧ ಬರೆದು ಅಂಕ ಪಡೆಯುತ್ತೇವೆ. ಮನ್ಸೂರರ, ಗಂಗೂಬಾಯಿಯವರ, ಬಸವರಾಜ ರಾಜಗುರುಗಳ ಹೆಸರು ನಮ್ಮ ಬಾಯಲ್ಲಿದೆ. ಅವರ ಧ್ವನಿಯ ಕೆಳಗಿನ ಅರ್ಧವನ್ನು ಎಂದೂ ಕೇಳದೆ ಅವರ ಬಗ್ಗೆ ಬರೆಯುವದು, ನಗರೇಶ್ವರ ಗುಡಿಯನ್ನು ಅಂಚೆ ಚೀಟಿಯಷ್ಟು ಚಿತ್ರದಲ್ಲಿ ನೋಡಿ ಕಂಬಗಳ ಕೆತ್ತನೆಯನ್ನು ವರ್ಣಿಸಿದ ಹಾಗೆ. ಸುರುಳಿಯ ರೋಧ ಅಳೆಯುವದು ವಿಜ್ಞಾನ ವಿಭಾಗದ ಕೆಲಸವಿರಬಹುದು. ಕೇಳಿದ್ದನ್ನು ಕುರಿತು “ಇದು ಅದಲ್ಲ” ಎನ್ನುವದು, ಯಾಕೆ ಅಲ್ಲವೆಂದು ಹುಡುಕುವದು ನಮ್ಮ ಕೆಲಸವೇ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಹುಬ್ಬಳ್ಳಿಯ ಆ ರಿಪೇರಿಯವರಿಗೆ ಈಗ ಎಪ್ಪತ್ತು ದಾಟಿದೆ. ತಮ್ಮ ಹೆಸರು ಹಾಕಬೇಡವೆಂದಿದ್ದಾರೆ. ಅಂಗಡಿ ಎಂದರೆ ಜಿನೆಯ ಕೆಳಗಿನ ನಾಲ್ಕಡಿ ಜಾಗ. ಗೋಡೆಗೆಲ್ಲ ಕೋನಿಲ್ಲದ ಸ್ಪೀಕರಿನ ಚೌಕಟ್ಟುಗಳು. ಹಳೆಯ ಸುರುಳಿ ಕಿತ್ತು ಹೊಸದನ್ನು ಸಂದಿನ ನಟ್ಟನಡುವೆ ಕೂಡ್ರಿಸಲು ಅವರು ಹಳೆಯ ಎಕ್ಸ್‌ರೇ ಹಾಳೆಯ ಪಟ್ಟಿಗಳನ್ನು ಸುತ್ತಲೂ ತುರುಕಿ, ಅಂಟು ಒಣಗಿದ ಮೇಲೆ ಒಂದೊಂದಾಗಿ ಎಳೆಯುತ್ತಾರೆ. “ಹೊಸಾ ಕೋನು ಬೇಕಾದಷ್ಟು ಸಿಗ್ತಾವು ತಮ್ಮಾ, ಹಚ್ಚೋ ಕೈ ಇಲ್ಲ” ಎಂದರು. ಅವರ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ; ಅವನನ್ನು ತಪ್ಪೆನ್ನುವಂತಿಲ್ಲ, ಹೊಟ್ಟೆ ತುಂಬುವದು ಅದರಿಂದಲೇ. ಆದರೆ ಆ ಎಕ್ಸ್‌ರೇ ಪಟ್ಟಿಯ ವಿದ್ಯೆ ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿರಲಿಲ್ಲ.

ಆದುದರಿಂದ ಪ್ರಾಚಾರ್ಯರಲ್ಲಿ, ಗುರುಗಳಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಗ್ರಂಥಾಲಯದ ಹಿಂದಿನ, ಮುರಿದ ಬೆಂಚುಗಳನ್ನು ಒಟ್ಟಿರುವ ಕೋಣೆಯಲ್ಲಿ ಒಂದು ಮೇಜು. ಒಂದು ಮೀಟರು, ಒಂದು ಸೋಲ್ಡರಿಂಗ್ ಐರನ್ನು. ಇವನ್ನು ನಾವೇ ಚಂದಾ ಎತ್ತಿ ತರುತ್ತೇವೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಆ ರಿಪೇರಿಯವರನ್ನು ಬಸ್ಸಿನ ಖರ್ಚು, ಗೌರವಧನ ಕೊಟ್ಟು ಕರೆಸುವದು. ಉಳಿದ ಶನಿವಾರಗಳಲ್ಲಿ ನಾವೇ ಕಟ್ಟಿದ ಪೆಟ್ಟಿಗೆಯಲ್ಲಿ ಒಂದು ತಾಸು ಏನಾದರೂ ಕೇಳುವದು: ಒಂದು ವಾರ ಖ್ಯಾಲು, ಒಂದು ವಾರ ಶಿಶುನಾಳದ ತತ್ವಪದ, ಒಂದು ವಾರ ಹಳೆಯ ಸಿನೇಮಾ. ಹಾಜರಿ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಯಾರೂ ಕೇಳುವದಿಲ್ಲ. “ಇದಕ್ಕೆ ಸಿಲೆಬಸ್ಸಿನಲ್ಲಿ ಜಾಗವಿಲ್ಲ” ಎಂಬ ಉತ್ತರ ಬರಬಹುದು. ನಾನು ಕೇಳುತ್ತಿರುವದು ಕೋಣೆಯಲ್ಲಿ ಜಾಗವನ್ನು.

ಗೆಳೆಯ ಗೆಳತಿಯರಿಗೆ ಒಂದು ವಿನಂತಿ. ನಿಮ್ಮ ಅಟ್ಟದಲ್ಲಿ ಹಳೆಯ ರೇಡಿಯೋ, ಸ್ಪೀಕರು ಏನಿದ್ದರೂ ಗುಜರಿಯವನು ಬರುವದಕ್ಕಿಂತ ಮೊದಲು ಒಂದು ಮಾತು ತಿಳಿಸಿರಿ. ಕೊಡಬೇಡಿರಿ, ತೋರಿಸಿದರೆ ಸಾಕು. ನಮ್ಮ ಕಿಡಕಿಯಲ್ಲಿ ಇರುವದು ಒಂದೇ. ಗಡಿಗೆಗೂ ಹೊಂದುವಂಥ ನಾಲ್ಕು ಅಂಗುಲದ್ದು ಇನ್ನೂ ಸಿಕ್ಕಿಲ್ಲ, ಅದು ಅರಳೆ ತುಂಬಿಕೊಂಡು ಮೂಲೆಯಲ್ಲಿ ಕುಳಿತಿದೆ. ಸವಣೂರಿನ ಗೆಳೆಯನೊಬ್ಬನ ಮನೆಯ ಅಟ್ಟದಲ್ಲಿ ಒಂದು ಟ್ರಾನ್ಸಿಸ್ಟರು ಇದೆಯೆಂದು ಸುದ್ದಿ. ಇಲಿಗಳು ಎಷ್ಟು ಉಳಿಸಿವೆಯೋ, ದೀಪಾವಳಿಯ ಸೂಟಿಯಲ್ಲಿ ಹೋಗಿ ನೋಡಬೇಕು.